ಬೂದಿಗುಂಬಳ ಆಗದ ಮೇಕಪ್: ಎಣ್ಣೆಗಪ್ಪು ಬಣ್ಣದವರು ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

ನನ್ನ ದೊಡ್ಡಪ್ಪನ ಮಗಳ ಮದುವೆ ಆಲ್ಬಮ್ ಕಪಾಟಿನ ಮೇಲೆಲ್ಲೋ ಇದೆ. ಯಾರಾದರೂ ಕೇಳಿದರೆ "ಹುಡುಕಬೇಕು" ಎನ್ನುತ್ತಾಳೆ, ಹುಡುಕುವುದಿಲ್ಲ. ಬದಿಯಡ್ಕದಲ್ಲಿ ಮದುವೆ, ಮೇ ತಿಂಗಳ ಸೆಕೆ, ಬೆಳಗಿನ ಜಾವ ನಾಲ್ಕಕ್ಕೆ ಬ್ಯೂಟಿಷಿಯನ್ ಬಂದು ಮೂರು ಪದರ ಬಳಿದು ಹೋಗಿದ್ದರು. ಫೋಟೋದಲ್ಲಿ ಕೈ, ಕುತ್ತಿಗೆ, ಕಿವಿ ಎಲ್ಲ ಅವಳದ್ದೇ. ಮುಖ ಮಾತ್ರ ಬೂದಿಗುಂಬಳದ್ದು.

ಅವಳೂ ನಾನೂ ಒಂದೇ ಬಣ್ಣ. ಮನೆಯಲ್ಲಿ ಮರ್ಯಾದೆಗೆ ಎಣ್ಣೆಗೆಂಪು ಎನ್ನುತ್ತಾರೆ, ಗಂಡಿನ ಕಡೆಯವರು ನೋಡಲು ಬಂದ ದಿನ ಅದೇ ಗೋಧಿ ಬಣ್ಣ ಆಗಿಬಿಡುತ್ತದೆ, ನಿಜ ಹೇಳಬೇಕೆಂದರೆ ನಾವು ಎಣ್ಣೆಗಪ್ಪು. ಈ ಬಣ್ಣಕ್ಕೆ ಏನು ಹೊಂದುತ್ತದೆ ಎಂದು ಕಲಿಯಲು ನಾನು ಹತ್ತು ವರ್ಷ ದುಡ್ಡು ಸುರಿದಿದ್ದೇನೆ. ಕಾಸರಗೋಡಿನ ಫ್ಯಾನ್ಸಿ ಅಂಗಡಿ, ರೈಲು ಹತ್ತಿ ಮಂಗಳೂರಿನ ಮಾಲ್, ಆನ್‌ಲೈನ್, ಜೊತೆಗೆ ದುಬೈಯಿಂದ ಬರುವ ಪಾರ್ಸೆಲ್, ಎಲ್ಲವನ್ನೂ ನೋಡಿದ್ದಾಗಿದೆ. ನಮ್ಮ ಕಡೆಯ ಬೆವರು, ಮಳೆ, ಬಿಸಿಲಿಗೆ ಯಾವುದು ನಿಂತಿತು, ಯಾವುದು ದಂಡ ಆಯಿತು ಎಂದು ಇಲ್ಲಿ ಬರೆದಿದ್ದೇನೆ. ಬೆಳ್ಳಗಾಗುವುದು ಹೇಗೆ ಎಂದು ಹುಡುಕಿಕೊಂಡು ಬಂದಿದ್ದರೆ ಇಲ್ಲಿ ಅದಿಲ್ಲ.

ದುಡ್ಡು ಕಡಿಮೆ ಇದ್ದರೆ ಮೊದಲು ಸನ್‌ಸ್ಕ್ರೀನ್ ಕೊಳ್ಳಿ, ಆಮೇಲೆ ಮಾಯಿಶ್ಚರೈಸರ್, ಆಮೇಲೆ ಒಂದು ಒಳ್ಳೆ ಲಿಪ್‌ಸ್ಟಿಕ್. ಫೌಂಡೇಶನ್, ಅಂದರೆ ಮುಖಕ್ಕೆಲ್ಲ ಬಳಿಯುವ ಮೈಬಣ್ಣದ ಮೇಕಪ್, ಕೊನೆಗೆ. ನಾನು ಇದನ್ನು ಪೂರ್ತಿ ತಲೆಕೆಳಗು ಮಾಡಿದ್ದೆ.

ಸನ್‌ಸ್ಕ್ರೀನ್: ಬಿಳಿ, ಪಾರದರ್ಶಕ, ಕಂದು

"ಕಪ್ಪಗಿರುವವರಿಗೆ ಸನ್‌ಸ್ಕ್ರೀನ್ ಯಾಕೆ ಮಾರಾಯ್ತಿ, ಇನ್ನೆಷ್ಟು ಕಪ್ಪಾಗ್ಲಿಕ್ಕುಂಟು?" ಇದು ನಮ್ಮ ಅತ್ತೆಯ ಮಾತು. ಅರ್ಧ ಸರಿ. ನಮ್ಮ ಚರ್ಮಕ್ಕೆ ಸ್ವಂತದ್ದೇ ಒಂದು ಕೊಡೆ ಇದೆ. ತುಂಬಾ ಕಪ್ಪು ಚರ್ಮದ ಮೇಲ್ಪದರ ಸುಮಾರು ಎಸ್‌ಪಿಎಫ್ 13ರಷ್ಟು (ಸುಡುವ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕ) ರಕ್ಷಣೆ ಕೊಡುತ್ತದೆ, ಬಿಳಿಯರದ್ದು 3ರ ಆಸುಪಾಸು, ನಾವು ಇವೆರಡರ ನಡುವೆ ಎಲ್ಲೋ. ಹಾಗಾಗಿ ಬಿಸಿಲಿಗೆ ನಾವು ಬೇಗ ಸುಡುವುದಿಲ್ಲ. ಆದರೆ ಕಲೆ ಮತ್ತು ಬಂಗು ನಮಗೇ ಜಾಸ್ತಿ, ಬಿಸಿಲು ಬಿದ್ದಷ್ಟೂ ಅವು ಗಟ್ಟಿಯಾಗುತ್ತವೆ. ನಾನು ಸನ್‌ಸ್ಕ್ರೀನ್ ಹಚ್ಚುವುದು ಕಪ್ಪಾಗಬಾರದು ಅಂತ ಅಲ್ಲ, ಕಲೆ ಉಳಿಯಬಾರದು ಅಂತ.

ಅಂಗಡಿಯಲ್ಲಿ ಮೂರು ಥರ ಸಿಗುತ್ತದೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವುದನ್ನು ಮಿನರಲ್ ಎನ್ನುತ್ತಾರೆ. ಉರಿ ಕಡಿಮೆ, ಸೂಕ್ಷ್ಮ ಚರ್ಮದವರಿಗೆ ಹಿತ. ಆದರೆ ಎರಡೂ ಬಿಳಿ ಪುಡಿಗಳು, ಹಚ್ಚಿದ ಮೇಲೂ ಬಿಳಿಯಾಗಿಯೇ ಉಳಿಯುತ್ತವೆ. ನನ್ನ ಮುಖದಲ್ಲಿ ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಕಳೆ ಬರುತ್ತದೆ, ಬೆವರಿದರೆ ಗೆರೆ ಗೆರೆಯಾಗಿ ಇಳಿಯುತ್ತದೆ. ಎರಡನೆಯದು ಕೆಮಿಕಲ್ ಫಿಲ್ಟರ್‌ನದು, ಅಂದರೆ ಅವೊಬೆಂಜೋನ್, ಟಿನೊಸಾರ್ಬ್, ಯುವಿನಲ್ ಇಂಥ ಹೆಸರಿನವು. ಜೆಲ್ ಥರ ಇರುತ್ತದೆ, ಮಾಯವಾಗುತ್ತದೆ, ನಮ್ಮ ಬಣ್ಣಕ್ಕೆ ದಿನನಿತ್ಯ ಇದೇ ಸರಿ. ಒಂದೇ ತಕರಾರು, ಬೆವರಿನ ಜೊತೆ ಕಣ್ಣಿಗಿಳಿದರೆ ಉರಿ. ರೆಪ್ಪೆಯ ಹತ್ತಿರ ಹಚ್ಚಬೇಡಿ, ಅಷ್ಟೇ.

ಮೂರನೆಯದು ಕಂದು ಬಣ್ಣದ್ದು, ಟಿಂಟೆಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣದ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ, ಅದೂ ಕಪ್ಪು ಚರ್ಮದಲ್ಲೇ ಹೆಚ್ಚು. ಮಾಮೂಲಿ ಸನ್‌ಸ್ಕ್ರೀನ್ ಆ ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್, ಅಂದರೆ ಕಬ್ಬಿಣದ ತುಕ್ಕಿನ ಜಾತಿಯ ಪುಡಿ. ನಮ್ಮ ಮನೆ ಗೋಡೆಯ ಕೆಂಪುಕಲ್ಲಿಗೆ ಕೆಂಪು ಬಂದದ್ದೂ ಅದರಿಂದಲೇ. ಟಿಂಟೆಡ್ ಟ್ಯೂಬಿನ ಪಟ್ಟಿಯಲ್ಲಿ ಐರನ್ ಆಕ್ಸೈಡ್ಸ್ ಎಂದಿದ್ದರೆ ಬಂಗಿಗೆ ಅದನ್ನೇ ತೆಗೆದುಕೊಳ್ಳಿ. ತೊಂದರೆ ಎಂದರೆ ಹೆಚ್ಚಿನ ಕಂಪನಿಗಳು ಒಂದೇ ಶೇಡ್ ಮಾಡುತ್ತವೆ, ಆ ಶೇಡ್ ನಮಗಿಂತ ಎರಡು ಮೆಟ್ಟಿಲು ಬಿಳಿ. ಬಿಳಿ ಚೂಡಿದಾರದ ಕಾಲರಿಗೂ ಕಲೆ ಹಿಡಿಯುತ್ತದೆ. ಬಂಗು ಇಲ್ಲದವರು ಇದರ ಗೋಜಿಗೆ ಹೋಗಬೇಕಾಗಿಲ್ಲ.

ಎಸ್‌ಪಿಎಫ್ 30 ಇರಲಿ, 50 ಇರಲಿ, ಅದರ ಬಗ್ಗೆ ಜಗಳ ಬೇಡ. ಸುಡುವ ಕಿರಣವನ್ನು ಒಂದು ಸುಮಾರು ಶೇಕಡಾ 97, ಇನ್ನೊಂದು 98 ತಡೆಯುತ್ತದೆ. ಅದಕ್ಕಿಂತ ಪಿಎ ಎಂಬುದರ ಮುಂದೆ ಮೂರೋ ನಾಲ್ಕೋ ಪ್ಲಸ್ ಇದೆಯಾ ನೋಡಿ, ಕಪ್ಪಾಗಿಸುವ ಕಿರಣದ ಲೆಕ್ಕ ಅದು. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ನಾನು ವರ್ಷಗಟ್ಟಲೆ ಕಡಲೆಕಾಳಿನಷ್ಟು ಹಚ್ಚಿ "ಕೆಲಸ ಮಾಡುವುದಿಲ್ಲ" ಎಂದು ಬೈಯುತ್ತಿದ್ದೆ. ಅಂಗಳದಲ್ಲಿ ಅಡಿಕೆ ಹರವುವವರು, ತೋಟದಲ್ಲಿ ಇರುವವರು ವಾಟರ್ ರೆಸಿಸ್ಟೆಂಟ್ ಎಂದು ಬರೆದದ್ದನ್ನೇ ಕೊಳ್ಳಿ, ಜೊತೆಗೆ ತಲೆಗೊಂದು ಮುಟ್ಟಾಳೆ ಹಾಕಿ. ಅಡಿಕೆ ಹಾಳೆಯಷ್ಟು ಅಗ್ಗದ ರಕ್ಷಣೆ ಬೇರೆ ಯಾವುದೂ ಇಲ್ಲ. ಮಳೆಗಾಲದಲ್ಲಿ ಬಿಡಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಮೋಡ ಇದ್ದರೂ ಕಿರಣ ಬರುತ್ತದೆ. ಬಂಗು, ಕಲೆ ಇರುವವರು ಬಿಡಬಾರದು.

ಗಲ್ಫ್ ಕ್ರೀಮ್, ಮೆಡಿಕಲ್‌ನ ಟ್ಯೂಬ್, ಅಡುಗೆಮನೆ

ಕಾಸರಗೋಡಿನ ಯಾವ ಮನೆಗಾದರೂ ಹೋಗಿ, ಗಲ್ಫ್‌ನಿಂದ ಬಂದ ಒಂದು ಡಬ್ಬಿ ಸಿಗುತ್ತದೆ. ಖರ್ಜೂರ, ಟ್ಯಾಂಗ್, ಕೋಡಾಲಿ ಎಣ್ಣೆ (ತಲೆನೋವಿಗೆ ಹಚ್ಚುವ ಆಕ್ಸ್ ಎಣ್ಣೆ), ಅದರ ಮಧ್ಯೆ ಪುಟ್ಟದೊಂದು ಕ್ರೀಮ್. ಮೇಲೆ ನಮಗೆ ಓದಲು ಬಾರದ ಭಾಷೆ. ನಮ್ಮ ಚಿಕ್ಕಮ್ಮ ಹಚ್ಚಿದರು, ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯಿತು, ಎಲ್ಲರೂ ಹೊಗಳಿದರು. ಡಬ್ಬಿ ಮುಗಿದು ತಿಂಗಳಾಗುವಾಗ ಮೊದಲಿಗಿಂತ ಕಪ್ಪು, ಮೇಲಿಂದ ಕೆನ್ನೆ ತುಂಬ ಮೊಡವೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಇನ್ನೊಂದು ಡಬ್ಬಿ ತರಿಸಿದರು. ಹೀಗೇ ಎರಡು ವರ್ಷ.

ಇಂಥ ಕ್ರೀಮ್ ಬೇಗ ಕೆಲಸ ಮಾಡುತ್ತದೆ, ಅದಕ್ಕೇ ಭಯ ಪಡಬೇಕು. ಬೇಗ ಬೆಳ್ಳಗಾಗಿಸುವುದು ಹೆಚ್ಚಾಗಿ ಎರಡೇ ವಸ್ತು, ಪಾದರಸ ಇಲ್ಲವೇ ಸ್ಟೀರಾಯ್ಡ್. ಪಾದರಸ ಚರ್ಮದಲ್ಲಿ ಬಣ್ಣ ಆಗುವ ಕೆಲಸವನ್ನೇ ನಿಲ್ಲಿಸುತ್ತದೆ, ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೂ ಕೈ ಹಾಕುತ್ತದೆ. ಇದು ದೂರದ ಕಥೆ ಅಲ್ಲ. ನಮ್ಮದೇ ರಾಜ್ಯದ ಮಲಪ್ಪುರಂನಲ್ಲಿ, ಕೋಟ್ಟಕ್ಕಲ್‌ನ ಡಾಕ್ಟರುಗಳು ಕಿಡ್ನಿ ತೊಂದರೆಯವರನ್ನು ವಿಚಾರಿಸುತ್ತಾ ಹೋದಾಗ ಅನೇಕರು ಇಂಥ ಕ್ರೀಮ್ ಹಚ್ಚುತ್ತಿದ್ದದ್ದು ಗೊತ್ತಾಯಿತು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ಆಪರೇಷನ್ ಸೌಂದರ್ಯ ಎಂಬ ಹೆಸರಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿ ಮಾಲು ಹಿಡಿಯಿತು.

ಹಾಗಂತ ಗಲ್ಫ್‌ನಿಂದ ಬಂದದ್ದೆಲ್ಲ ವಿಷ ಅಲ್ಲ. ನನ್ನ ಇಷ್ಟದ ಫೌಂಡೇಶನ್ ಶೇಡ್ ಬಂದದ್ದೂ ಅಲ್ಲಿಂದಲೇ, ಏಕೆಂದರೆ ಅಲ್ಲಿನ ಅಂಗಡಿಗಳಲ್ಲಿ ಆಫ್ರಿಕಾದವರಿಗೂ ಹೊಂದುವ ಶೇಡ್ ಇರುತ್ತದೆ. ಮೇಕಪ್ ತರಿಸಿ, ಬೆಳ್ಳಗಾಗಿಸುವ ಕ್ರೀಮ್ ಬೇಡ. ಯಾವ ಡಬ್ಬಿ ಬಂದರೂ ತಿರುಗಿಸಿ ನೋಡಿ. ತಯಾರಿಸಿದವರ ವಿಳಾಸ ಇದೆಯಾ? ಒಳಗೆ ಏನಿದೆ ಎಂಬ ಪಟ್ಟಿ ಇದೆಯಾ? ಇಲ್ಲಿನ ಅಂಗಡಿಯಲ್ಲಿ ಮಾರುವ ವಿದೇಶಿ ಮಾಲಾದರೆ ಆಮದು ಮಾಡಿದವರ ಹೆಸರು, ನೋಂದಣಿ ನಂಬರ್ ಇರಲೇಬೇಕು. ಮರ್ಕ್ಯುರಿ, ಕ್ಯಾಲೊಮೆಲ್, ಮರ್ಕ್ಯುರಿಕ್ ಎಂಬ ಪದ ಕಂಡರೆ ಬಿಸಾಡಿ, ಎಲ್ಲವೂ ಪಾದರಸವೇ. ಪಟ್ಟಿಯೇ ಇಲ್ಲದಿದ್ದರೂ ಬಿಸಾಡಿ, ಚಿಕ್ಕಪ್ಪ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಸ್ಟೀರಾಯ್ಡ್ ಗಲ್ಫ್‌ನಿಂದ ಬರಬೇಕಾಗಿಲ್ಲ, ಮೆಡಿಕಲ್‌ನಲ್ಲೇ ಸಿಗುತ್ತದೆ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಹೀಗೆ ಕೊನೆಗೆ "ಸೋನ್", "ಸೋಲ್" ಬರುವ ಹೆಸರು ಕಂಡರೆ ನಿಲ್ಲಿ. ಕಜ್ಜಿಗೆ, ಇಸಬಿಗೆ ಒಳ್ಳೆಯ ಔಷಧಿಗಳು. ಸುಮ್ನೆ ಬೆಳ್ಳಗಾಗಲು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ನರ ಕಾಣುತ್ತದೆ, ಗಲ್ಲದಲ್ಲಿ ಕೂದಲು ಬರುತ್ತದೆ. 2018ರಲ್ಲಿ ಸರಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಮಾಡಿತು. ಮಾರುವವರು ಈಗಲೂ ಮಾರುತ್ತಾರೆ. ಈಗಾಗಲೇ ಹಚ್ಚುತ್ತಿರುವವರು ಹೆದರಿ ಒಮ್ಮೆಲೇ ಬಿಟ್ಟರೆ ಮುಖ ಉರಿದು ಕೆಂಪಾಗುವುದುಂಟು, ಚರ್ಮದ ಡಾಕ್ಟರನ್ನು ಕಂಡೇ ಬಿಡಿ.

ಅಡುಗೆಮನೆಯ ವಿಚಾರ ಬೇಗ ಮುಗಿಸುತ್ತೇನೆ. ಕಡಲೆಹಿಟ್ಟು ಪರವಾಗಿಲ್ಲ, ಉಜ್ಜಬೇಡಿ. ಲಿಂಬೆಹುಳಿ ಬೇಡವೇ ಬೇಡ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ, ಅದು ಹೋಗಲು ತಿಂಗಳುಗಳು ಬೇಕು. ತೆಂಗಿನೆಣ್ಣೆ ಕೈಕಾಲಿಗೆ ಬಂಗಾರ. ನಮ್ಮ ಚರ್ಮ ಒಣಗಿದರೆ ಬೂದಿ ಬಣ್ಣದ ಪದರ ಕಾಣುತ್ತದಲ್ಲ, ಸ್ನಾನ ಮುಗಿಸಿ ಮೈ ಹಸಿ ಇರುವಾಗಲೇ ಎಣ್ಣೆ ಹಚ್ಚಿದರೆ ಅದು ಮಾಯ. ಮೊಡವೆ ಬರುವ ಮುಖಕ್ಕೆ ಮಾತ್ರ ಬೇಡ, ರಂಧ್ರ ಮುಚ್ಚುತ್ತದೆ.

ಕಲೆಗೆ ಯಾವ ಸೀರಮ್

ಬಣ್ಣ ತಯಾರಿಸುವ ಕೋಶಗಳು ಬೆಳ್ಳಗಿನವರಲ್ಲೂ ನಮ್ಮಲ್ಲೂ ಹೆಚ್ಚುಕಮ್ಮಿ ಒಂದೇ ಲೆಕ್ಕ. ನಮ್ಮಲ್ಲಿ ಅವು ಚುರುಕು, ಅಷ್ಟೇ. ಅದಕ್ಕೇ ಒಂದು ಮೊಡವೆ ಚಿವುಟಿದರೂ, ಸೊಳ್ಳೆ ಕಚ್ಚಿ ಕೆರೆದರೂ ನಮಗೆ ಕಪ್ಪು ಚುಕ್ಕೆ ಉಳಿಯುತ್ತದೆ. ಗಾಯ ಕಮ್ಮಿ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ವಾಲ್‌ನಟ್ ಸ್ಕ್ರಬ್, ಬ್ಲೀಚ್, ಪಾರ್ಲರಿನ ಜೋರು ಪೀಲ್, ಎಲ್ಲವೂ ನಮಗೆ ಉಲ್ಟಾ ಹೊಡೆಯಬಹುದು.

ಸೀರಮ್‌ಗಳಲ್ಲಿ ಬರುವ ವಸ್ತುಗಳ ಪೈಕಿ ನಿಯಾಸಿನಮೈಡ್ ಸಾಧು ಪ್ರಾಣಿ. ಹೆಚ್ಚಿನವರಿಗೆ ಆಗುತ್ತದೆ, ಎಣ್ಣೆ ಜಿಡ್ಡೂ ಕಮ್ಮಿ ಮಾಡುತ್ತದೆ. ಶೇಕಡಾ 5 ಸಾಕು, 10 ಇದ್ದದ್ದು ನನಗೆ ಉರಿ ಕೊಟ್ಟಿತು. ವಿಟಮಿನ್ ಸಿ ಒಳ್ಳೆಯದೇ, ಆದರೆ ನಮ್ಮ ಸೆಕೆಯಲ್ಲಿ ಬಾಟಲಿ ಬೇಗ ಕೆಡುತ್ತದೆ, ಕಟ್ಟಂಚಾಯದ (ಹಾಲಿಲ್ಲದ ಚಹಾದ) ಬಣ್ಣಕ್ಕೆ ಬಂದರೆ ಮುಗಿಯಿತು. ಫ್ರಿಜ್ಜಿನಲ್ಲಿಡಲು ಜಾಗ ಇಲ್ಲದವರು ಕೊಳ್ಳಬೇಡಿ. ನನ್ನ ಓಟು ಅಜೆಲೇಯಿಕ್ ಆಸಿಡ್‌ಗೆ. ಮೊಡವೆ ಮತ್ತು ಅದರ ಕಲೆ, ಎರಡಕ್ಕೂ ಒಂದೇ ಟ್ಯೂಬ್, ಶೇಕಡಾ 10ರದ್ದು. ಮೊದಲ ಎರಡು ವಾರ ಇರುವೆ ಹರಿದ ಹಾಗೆ ಆಗುತ್ತದೆ, ಆಮೇಲೆ ಸರಿಹೋಗುತ್ತದೆ. ಬಸುರಿಯರಿಗೂ ಸಾಮಾನ್ಯವಾಗಿ ಡಾಕ್ಟರುಗಳು ಬೇಡ ಎನ್ನದ ಔಷಧಿ ಇದು, ಆದರೂ ಒಂದು ಮಾತು ಕೇಳಿಕೊಳ್ಳಿ. ರೆಟಿನಾಲ್ ಹಾಗಲ್ಲ, ಬಸುರಿಯರು ಮುಟ್ಟಲೇಬಾರದು. ಉಳಿದವರು ರಾತ್ರಿ ಮಾತ್ರ, ವಾರಕ್ಕೆ ಎರಡು ಸಲದಿಂದ ಶುರು ಮಾಡಿ. ಹೈಡ್ರೊಕ್ವಿನೋನ್ ಡಾಕ್ಟರು ಕೊಟ್ಟರೆ, ಕೊಟ್ಟಷ್ಟು ದಿನ. ವರ್ಷಗಟ್ಟಲೆ ಹಚ್ಚಿದರೆ ಅದರಿಂದಲೇ ನೀಲಿಗಪ್ಪು ಕಲೆ ಬರುತ್ತದೆ.

ಯಾವುದೇ ಇರಲಿ, ಎಂಟರಿಂದ ಹನ್ನೆರಡು ವಾರ ಕಾಯಬೇಕು. ನಾಲ್ಕನ್ನು ಒಟ್ಟಿಗೆ ಹಚ್ಚಬೇಡಿ.

ಫೌಂಡೇಶನ್: ಹೆಚ್ಚು ದುಡ್ಡು ಹೋದದ್ದು ಇಲ್ಲೇ

ಬೂದಿಗುಂಬಳ ಯಾಕೆ ಆಗುತ್ತದೆ? ಶೇಡ್ ಬಿಳಿಯಾದದ್ದು ಒಂದು ಕಾರಣ. ಇನ್ನೊಂದು, ಬೆಳ್ಳಗಿನವರಿಗೆ ಮಾಡಿದ ಬಿಳಿ ಪುಡಿ ತುಂಬಿದ ಬುಡಕ್ಕೇ ಸ್ವಲ್ಪ ಕಂದು ಸೇರಿಸಿ "ಡೀಪ್" ಎಂದು ಮಾರುವುದು. ಕಪ್ಪು ಚರ್ಮದ ಮೇಲೆ ಬಿಳಿ ಪುಡಿ ಕೂತರೆ ಬೂದಿಯಲ್ಲದೆ ಇನ್ನೇನು? ನಮ್ಮ ಚರ್ಮದಲ್ಲಿ ಕೆಂಪೂ ಹಳದಿಯೂ ಇದೆ, ಬಾಟಲಿಯಲ್ಲೂ ಅದು ಇರಬೇಕು.

ಇದು ನಮ್ಮ ಚೌಕಿಯವರಿಗೆ, ಅಂದರೆ ಯಕ್ಷಗಾನದ ಬಣ್ಣದ ಮನೆಯವರಿಗೆ, ಯಾವತ್ತೋ ಗೊತ್ತಿತ್ತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಹುಟ್ಟಿದವಳು ನಾನು, ಆಟದ ದಿನ ಚೌಕಿಯಲ್ಲಿ ಇಣುಕುವುದು ಚಿಕ್ಕಂದಿನ ಚಾಳಿ. ವೇಷಧಾರಿ ಮುಖಕ್ಕೆ ಎಣ್ಣೆ ಸವರಿ, ಅಂಗೈಯಲ್ಲಿ ಬಿಳಿಗೆ ಕೆಂಪು, ಹಳದಿ ಕಲಸಿ, ತನ್ನ ಕೆನ್ನೆಗೆ ಇಟ್ಟು ನೋಡಿ, ಮತ್ತೆ ಕಲಸಿ, ಆಮೇಲೆ ಬಳಿಯುತ್ತಾನೆ. ಬರೀ ಬಿಳಿ ಬಳಿದುಕೊಂಡು ರಂಗಸ್ಥಳಕ್ಕೆ ಹೋಗುವ ಪುಂಡುವೇಷ (ಎಳೆಯ ವೀರನ ಪಾತ್ರ) ನೀವು ನೋಡಿದ್ದೀರಾ? ಆ ಬ್ಯೂಟಿಷಿಯನ್ ಅಕ್ಕ ಒಂದು ರಾತ್ರಿ ಚೌಕಿಯಲ್ಲಿ ಕೂತಿದ್ದರೆ ನಮ್ಮ ಆಲ್ಬಮ್ ಉಳಿಯುತ್ತಿತ್ತು.

ಅಂಗಡಿಯಲ್ಲಿ ಹೀಗೆ ಮಾಡಿ. ಕೈಯ ಹಿಂಭಾಗಕ್ಕೆ ಹಚ್ಚಿ ನೋಡುವುದು ಬೇಡ, ಕೈ ಬಣ್ಣವೇ ಬೇರೆ. ದವಡೆಯಿಂದ ಕುತ್ತಿಗೆಗೆ ಎರಡು ಶೇಡ್‌ನ ಎರಡು ಗೆರೆ ಎಳೆಯಿರಿ. ಅಂಗಡಿಯ ಕಾಕ "ಮೋಳೇ, ಸ್ವಲ್ಪ ಲೈಟ್ ತಗೊಳ್ಳಿ, ಚಂದ ಕಾಣ್ತದೆ" ಎನ್ನುತ್ತಾರೆ, ನಕ್ಕು ಹೊರಗೆ ಬನ್ನಿ. ಟ್ಯೂಬ್‌ಲೈಟಿನಲ್ಲಿ ಏನೂ ಗೊತ್ತಾಗುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಲೈಮ್ ಸೋಡಾ ಕುಡಿದು ಇಪ್ಪತ್ತು ನಿಮಿಷ ಬಿಟ್ಟು ಕನ್ನಡಿ ನೋಡಿ. ಗಾಳಿ, ಬೆವರು ತಾಗಿ ಕೆಲವು ಅರ್ಧ ಶೇಡ್ ಕಪ್ಪಾಗುತ್ತವೆ, ಕೆಲವು ಬೂದಿಯಾಗುತ್ತವೆ. ಯಾವ ಗೆರೆ ಹುಡುಕಿದರೂ ಸಿಗುವುದಿಲ್ಲವೋ ಅದು ನಿಮ್ಮದು. ನಮ್ಮಲ್ಲಿ ಹಣೆ, ಬಾಯಿಯ ಸುತ್ತ ಕಪ್ಪು ಜಾಸ್ತಿ, ಕೆನ್ನೆ ತಿಳಿ. ಯಾವುದಕ್ಕೆ ಹೊಂದಿಸಬೇಕು ಎಂದರೆ ಕುತ್ತಿಗೆಗೆ, ಏಕೆಂದರೆ ಸೀರೆ ಉಟ್ಟಾಗ ಪಕ್ಕದಲ್ಲಿ ಕಾಣುವುದು ಅದೇ.

ಮಣಿಕಟ್ಟಿನ ನರ ನೀಲಿಯೋ ಹಸಿರೋ ನೋಡಿ ಒಳಬಣ್ಣ, ಅಂದರೆ ಚರ್ಮ ಹಳದಿ ಕಡೆಯದೋ ಕೆಂಪು ಕಡೆಯದೋ, ತಿಳಿಯಿರಿ ಎನ್ನುತ್ತಾರೆ. ನನ್ನ ನರ ಕಾಣುವುದೇ ಇಲ್ಲ! ಒಂದು ಹಳದಿ ಶೇಡ್, ಒಂದು ಕೆಂಪು ಶೇಡ್ ಹಚ್ಚಿ ನೋಡುವುದೇ ಸುಲಭ. ಮ್ಯಾಕ್ ಕಂಪನಿಯದ್ದು ಕೊಳ್ಳುವವರಿಗೆ ಒಂದು ಎಚ್ಚರಿಕೆ, ಅವರ ಎನ್‌ಸಿ ಎಂದರೆ ಹಳದಿ ಕಡೆಯದು, ಎನ್‌ಡಬ್ಲ್ಯೂ ಎಂದರೆ ಗುಲಾಬಿ ಕಡೆಯದು, ಸಿ ಎಂದರೆ ಕೂಲ್ (ತಂಪು), ಡಬ್ಲ್ಯೂ ಎಂದರೆ ವಾರ್ಮ್ (ಬೆಚ್ಚಗೆ) ಆದ್ದರಿಂದ ಹೆಸರು ಕೇಳಿದರೆ ಉಲ್ಟಾ ಅನಿಸುತ್ತದೆ. 2017ರಲ್ಲಿ ಫೆಂಟಿ ಎಂಬ ಕಂಪನಿ ಒಮ್ಮೆಲೇ 40 ಶೇಡ್ ತಂದ ಮೇಲೆ ಉಳಿದ ಕಂಪನಿಗಳೂ ಸ್ವಲ್ಪ ಎಚ್ಚೆತ್ತವು. ಆದರೆ ಸಣ್ಣ ಪೇಟೆಯ ಅಂಗಡಿಗೆ ಬರುವುದು ಅದರಲ್ಲಿ ಬಿಳಿ ಕಡೆಯ ನಾಲ್ಕೈದೇ. ಕಪ್ಪು ಶೇಡ್ "ಹೋಗುವುದಿಲ್ಲ" ಎಂದು ತರಿಸುವುದಿಲ್ಲ, ತರಿಸದಿದ್ದರೆ ಹೋಗುವುದು ಹೇಗೆ ಅಲ್ವಾ? ಅದಕ್ಕೆ ನಾನು ಮಂಗಳೂರಿನಲ್ಲಿ ಹಚ್ಚಿ ನೋಡಿ ನಂಬರ್ ಬರೆದುಕೊಂಡು, ಮನೆಗೆ ಬಂದು ಆನ್‌ಲೈನ್‌ನಲ್ಲಿ ತರಿಸುತ್ತೇನೆ.

ಸರಿಯಾದ ಶೇಡ್ ಸಿಗದಿದ್ದರೆ ಒಂದು ಮೆಟ್ಟಿಲು ಕಪ್ಪನ್ನೇ ತೆಗೆದುಕೊಳ್ಳಿ. ಕಪ್ಪಾದದ್ದನ್ನು ಮಾಯಿಶ್ಚರೈಸರ್ ಕಲಸಿ ತೆಳು ಮಾಡಬಹುದು. ಬಿಳಿಯದನ್ನು ಏನೂ ಮಾಡಲಾಗುವುದಿಲ್ಲ.

ಫೌಂಡೇಶನ್ ಬಗೆಗಳಲ್ಲಿ ಬಿಬಿ ಕ್ರೀಮ್ (ಕ್ರೀಮಿಗೇ ತೆಳು ಬಣ್ಣ ಸೇರಿಸಿದ್ದು) ಬಿಟ್ಟುಬಿಡಿ, ಒಂದೆರಡೇ ಶೇಡ್, ನಮ್ಮದು ಇರುವುದಿಲ್ಲ. ಕೊರಿಯಾದ ಕುಶನ್‌ಗಳೂ ಹೆಚ್ಚಿನವು ಹಾಗೇ. ಸ್ಟಿಕ್ ನಮ್ಮ ಸೆಕೆಗೆ ಬ್ಯಾಗಿನಲ್ಲೇ ಕರಗುತ್ತದೆ, ಮನೆಯಲ್ಲಿಟ್ಟು ಕಲೆಗೆ ಮಾತ್ರ ಒತ್ತಲು ಚೆನ್ನ. ಮದುವೆ, ಗೃಹಪ್ರವೇಶಕ್ಕೆ ಮ್ಯಾಟ್ ಲಿಕ್ವಿಡ್, ತೆಳುವಾಗಿ. ದಿನಾ ಆಫೀಸಿಗೆ ಫೌಂಡೇಶನ್ನೇ ಬೇಡ. ಕಣ್ಣಿನ ಕೆಳಗೆ, ಬಾಯಿಯ ಬದಿಗೆ ಕಿತ್ತಳೆ ಬಣ್ಣದ ಕರೆಕ್ಟರ್ ಸ್ವಲ್ಪ, ಅದರ ಮೇಲೆ ನಿಮ್ಮ ಬಣ್ಣದ ಕನ್ಸೀಲರ್ (ಕಲೆ ಮುಚ್ಚುವ ಗಟ್ಟಿ ಕ್ರೀಮ್), ಮುಗಿಯಿತು. ಕಿತ್ತಳೆ ಹಾಕದೆ ಕಪ್ಪು ವರ್ತುಲದ ಮೇಲೆ ನೇರ ಕನ್ಸೀಲರ್ ಹಚ್ಚಿದರೆ ಅಲ್ಲಿಯೂ ಬೂದಿಯೇ. ಕರೆಕ್ಟರ್ ಇಲ್ಲದಿದ್ದರೆ ಕಿತ್ತಳೆಗೆಂಪು ಲಿಪ್‌ಸ್ಟಿಕ್ ಚೂರು ಬೆರಳಲ್ಲಿ ಒತ್ತಿ, ಆಪತ್ತಿಗೆ ಆಗುತ್ತದೆ.

ಉಳಿದದ್ದು

ಪೌಡರ್‌ನಲ್ಲಿ ಬಿಳಿ ಟಾಲ್ಕ್ ಬೇಡ. ಹಳದಿ ಬಣ್ಣದ ಬನಾನಾ ಪೌಡರ್, ಇಲ್ಲವೇ ನಿಮ್ಮದೇ ಶೇಡ್‌ನ ಕಾಂಪ್ಯಾಕ್ಟ್. ಸಿಲಿಕಾ ತುಂಬಿದ "ಎಚ್‌ಡಿ" ಪೌಡರ್ ಕನ್ನಡಿಯಲ್ಲಿ ಚಂದ ಕಾಣುತ್ತದೆ, ಫ್ಲ್ಯಾಶ್ ಬಿದ್ದ ಫೋಟೋದಲ್ಲಿ ಕಣ್ಣಿನ ಸುತ್ತ ಹಿಟ್ಟು ಚೆಲ್ಲಿದ ಹಾಗೆ ಬರುತ್ತದೆ. ಮದುವೆಗೆ ಮೊದಲು ಮೊಬೈಲ್ ಫ್ಲ್ಯಾಶ್‌ನಲ್ಲಿ ಒಂದು ಫೋಟೋ ತೆಗೆದು ನೋಡಿ.

ಬ್ಲಶ್‌ನಲ್ಲಿ ತಿಳಿ ಗುಲಾಬಿ ನಮ್ಮ ಮೇಲೆ ಸೀಮೆಸುಣ್ಣ. ಡಬ್ಬಿಯಲ್ಲಿ "ಅಯ್ಯೋ ಇಷ್ಟು ಜೋರಾ" ಎನಿಸುವ ಇಟ್ಟಿಗೆ ಕೆಂಪು, ನೇರಳೆ ಹಣ್ಣಿನ ಬಣ್ಣ, ಗಾಢ ಕಿತ್ತಳೆ, ಇವೇ ಕೆನ್ನೆಯಲ್ಲಿ ಹದವಾಗಿ ಕೂರುತ್ತವೆ. ಲಿಪ್‌ಸ್ಟಿಕ್‌ನಲ್ಲಿ ನಮ್ಮದು ರಾಜಯೋಗ. ಮೆರೂನ್, ಪುನರ್ಪುಳಿ ಶರಬತ್ತಿನ ಕೆಂಪು, ಕಾಫಿ ಕಂದು, ಕಡು ಗುಲಾಬಿ, ಯಾವುದು ಬೇಕಾದರೂ ಹಾಕಿ. "ಕಪ್ಪಗಿದ್ದವರು ಕೆಂಪು ಹಾಕಬಾರದು" ಎಂದವರ ಮಾತು ಕೇಳಿ ನಾನು ಇಪ್ಪತ್ತೈದು ವರ್ಷ ಬರೀ ವ್ಯಾಸಲೀನ್ ಹಚ್ಚಿದೆ. ನ್ಯೂಡ್ ಬೇಕಾದರೆ ತುಟಿಗಿಂತ ಸ್ವಲ್ಪ ಗಾಢ ಕಂದು ನೋಡಿ, ಬಿಸ್ಕತ್ತು ಬಣ್ಣದ್ದು ಬೇಡ, ಜ್ವರ ಬಂದವರ ಹಾಗೆ ಕಾಣುತ್ತದೆ.

ಕಾಜಲ್ ಯಾವುದಾದರೂ ಆದೀತು, ಲೇಬಲ್ ಇಲ್ಲದ ಸುರ್ಮಾ ಬೇಡ, ಅದರಲ್ಲಿ ಸೀಸ ಇರಬಹುದು. ಅಂಟಿಸುವ ಬಿಂದಿ ಹಾಕುವಲ್ಲಿ ತುರಿಸಿದರೆ ಅಥವಾ ಚರ್ಮ ಬೆಳ್ಳಗಾಗಲು ಶುರುವಾದರೆ ಕೂಡಲೇ ನಿಲ್ಲಿಸಿ. ಕೆಲವು ಅಂಟಿನ ರಾಸಾಯನಿಕಕ್ಕೆ ಚರ್ಮ ಬಣ್ಣವನ್ನೇ ಕಳೆದುಕೊಳ್ಳುತ್ತದೆ, ನಮ್ಮ ಹಣೆಯಲ್ಲಿ ಆ ಬಿಳಿ ಚುಕ್ಕೆ ದೂರಕ್ಕೆ ಕಾಣುತ್ತದೆ.

ತೆಗೆಯಲು ಮಾತ್ರ ದುಬಾರಿ ಕ್ಲೆನ್ಸಿಂಗ್ ಬಾಮ್ ಬೇಡ. ಆಟ ಮುಗಿದ ಮೇಲೆ ವೇಷಧಾರಿಗಳು ಮಾಡುವ ಹಾಗೆ, ಅಂಗೈಯಲ್ಲಿ ತೆಂಗಿನೆಣ್ಣೆ, ಮುಖದಲ್ಲಿ ಒಂದು ನಿಮಿಷ ತಿಕ್ಕಿ, ಹಳೇ ವೇಷ್ಟಿಯ ತುಂಡಿನಲ್ಲಿ ಒರೆಸಿ. ಮೊಡವೆ ಇರುವವರು ಅದರ ಹಿಂದೆಯೇ ಫೇಸ್‌ವಾಶ್ ಹಾಕಿ ಎರಡು ಸಲ ತೊಳೆಯಿರಿ, ಎಣ್ಣೆ ಮುಖದಲ್ಲಿ ಮಲಗಬಾರದು. ಒರೆಸಿದ ಬಟ್ಟೆಯನ್ನು ಹಗಲು ಬೆಳಕಲ್ಲಿ ಒಮ್ಮೆ ನೋಡಿ. ನಿಮ್ಮ ಕುತ್ತಿಗೆಯ ಬಣ್ಣವೇ ಅದರಲ್ಲಿದ್ದರೆ ನಿಮಗೆ ಶೇಡ್ ಸಿಕ್ಕಿತು.